ರೀಲ್ಸ್‌ಗೆ 30 ಸೆಕೆಂಡ್, ಮರ ಒಣಗೋಕೆ ಮೂರು ತಿಂಗಳು: ಚನ್ನಪಟ್ಟಣದ ಬೊಂಬೆ ಮೊಬೈಲ್‌ಗೆ ಬಂದ ಮೇಲೆ ಲೆಕ್ಕ ಹೇಗೆ?

ಚನ್ನಪಟ್ಟಣ: ಮೊದಲು ಗಿರಾಕಿ ರಸ್ತೆ ಮೇಲೆ ಬರ್ತಿದ್ದರು. ಬೆಂಗಳೂರಿನಿಂದ ಮೈಸೂರಿಗೆ ಹೊರಟ ಕಾರು ಹಳೇ ಹೆದ್ದಾರಿಯ ಬೊಂಬೆ ಅಂಗಡಿ ಮುಂದೆ ನಿಲ್ಲುತ್ತಿತ್ತು. ಮಕ್ಕಳು ಬುಗುರಿಯನ್ನೋ ರೈಲನ್ನೋ ಕೈಗೆತ್ತಿಕೊಂಡರೆ ಅರ್ಧ ವ್ಯಾಪಾರ ಆದಂತೆ. 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಅದರ ಬೈಪಾಸ್ ರಾಮನಗರ ಮತ್ತು ಚನ್ನಪಟ್ಟಣವನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಕಾರುಗಳೂ ಹಾಗೇ ಹೋಗುತ್ತವೆ.

ಆಮೇಲೆ ಅಂಗಡಿಯವರಿಗೂ ಲೇತ್ ಮುಂದೆ ಕೂರುವವರಿಗೂ ಎಲ್ಲರೂ ಕೊಡುವ ಸಲಹೆ ಒಂದೇ: 'ಇನ್‌ಸ್ಟಾಗ್ರಾಮ್‌ಗೆ ಹಾಕಿ, ಯೂಟ್ಯೂಬ್ ಚಾನೆಲ್ ಮಾಡಿ, ಆನ್‌ಲೈನ್‌ನಲ್ಲಿ ಮಾರಿ.' ಸಲಹೆಯಲ್ಲಿ ತಪ್ಪಿಲ್ಲ. ಆದರೆ 'ವಿಡಿಯೊ ಮಾಡ್ತಾ ಕೂತ್ರೆ ಬೊಂಬೆ ಮಾಡೋರು ಯಾರು?' ಎಂಬ ಪ್ರಶ್ನೆಗೆ ಆ ಸಲಹೆಯಲ್ಲಿ ಉತ್ತರವಿಲ್ಲ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ವಿಡಿಯೊ ಓಡಿ, ಒಂದೇ ವಾರದಲ್ಲಿ ಐನೂರು ಸೆಟ್‌ಗೆ ಆರ್ಡರ್ ಬಂದರೆ ಮರ ಎಲ್ಲಿಂದ ತರೋದು?

ಕ್ಯಾಮೆರಾಗೆ ಕಾಣೋದು ಎಷ್ಟು?

ಚನ್ನಪಟ್ಟಣದ ಬೊಂಬೆ ಕ್ಯಾಮೆರಾಗೆಂದೇ ಹುಟ್ಟಿದ ಕಸುಬಿನಂತಿದೆ. ಬಿಳಿ ಮರದ ತುಂಡು ಲೇತ್‌ನಲ್ಲಿ ಗಿರಗಿರ ತಿರುಗುತ್ತದೆ. ಉಳಿ ಇಟ್ಟ ಕಡೆ ಹೊಟ್ಟು ಸುರುಳಿಯಾಗಿ ಏಳುತ್ತದೆ, ಚೆಂಡು ಕತ್ತಾಗುತ್ತದೆ, ಕತ್ತು ತಲೆಯಾಗುತ್ತದೆ. ಉಪ್ಪುಕಾಗದದಲ್ಲಿ ಉಜ್ಜಿದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿ ಬೇಡ, ಬ್ರಷ್ ಬೇಡ. ತಿಕ್ಕಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಕೇದಗೆ ಜಾತಿಯ ಒಣಗಿದ ಗರಿಯನ್ನು ಮಡಚಿ ಅದರ ಮೇಲೆ ಒತ್ತಿದರೆ ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಇದೆಲ್ಲ ಕೆಲವೇ ಸೆಕೆಂಡಿನ ಆಟ. ಮಾತು, ಹಾಡು ಏನೂ ಇಲ್ಲದಿದ್ದರೂ ನೋಡಿಸಿಕೊಂಡು ಹೋಗುತ್ತದೆ.

ಆ ಸೆಕೆಂಡುಗಳ ಹಿಂದೆ ಇರೋದನ್ನ ಯಾರೂ ಶೂಟ್ ಮಾಡಲ್ಲ, ಮಾಡಿದರೂ ಯಾರೂ ನೋಡಲ್ಲ. ಸಾಂಪ್ರದಾಯಿಕವಾಗಿ ಬಳಸುವುದು ಹಾಲೆ ಮರ. ಇಲ್ಲಿನ ಆಡುಮಾತಿನಲ್ಲಿ ಆಲೆ ಮರ. ಮೆತ್ತಗಿನ, ನಯವಾದ, ಬೆಳ್ಳನೆಯ ಮರ. ಕಡಿದು ತಂದ ಕೂಡಲೇ ಲೇತ್‌ಗೆ ಹಾಕುವಂತಿಲ್ಲ. ತುಂಡು ಮಾಡಿ, ಗಾಳಿಯಾಡುವ ಹಾಗೆ ಪೇರಿಸಿ, ಒಳಗಿನ ನೀರು ಹೋಗುವವರೆಗೆ ಬಿಡಬೇಕು. ಎರಡು ಮೂರು ತಿಂಗಳು ಎನ್ನುವುದು ಸಾಮಾನ್ಯ ಲೆಕ್ಕ; ಮಳೆಗಾಲವಾದರೆ ಅದೂ ಸಾಲದೆ ಹೋಗಬಹುದು. ಹಸಿ ಉಳಿದ ಮರಕ್ಕೆ ಅರಗು ಬಳಿದರೂ ಆ ಹೊತ್ತಿಗೆ ಚೆನ್ನಾಗಿಯೇ ಹೊಳೆಯುತ್ತದೆ. ಫೋಟೊದಲ್ಲಿ ವ್ಯತ್ಯಾಸವೇ ಗೊತ್ತಾಗಲ್ಲ. ಆಮೇಲೆ ಗಿರಾಕಿಯ ಮನೆಯಲ್ಲಿ ಮರ ಕುಗ್ಗುತ್ತದೆ, ಸೀಳು ಬಿಡುತ್ತದೆ, ಅರಗು ಎದ್ದು ಬರುತ್ತದೆ, ಚಕ್ರ ಅಚ್ಚಿನಲ್ಲಿ ಸಡಿಲವಾಗುತ್ತದೆ.

ಕಲೆಗೂ ಕಂಟೆಂಟಿಗೂ ನಿಜವಾದ ಜಗಳ ಇರೋದು ಇಲ್ಲಿ. ರೀಲ್ಸ್ ಒಂದು ರಾತ್ರಿಯಲ್ಲಿ ಓಡಬಹುದು, ಮರ ಒಂದು ರಾತ್ರಿಯಲ್ಲಿ ಒಣಗಲ್ಲ. ಬಂದ ಆರ್ಡರ್ ಬಿಡೋಕೆ ಮನಸ್ಸಾಗದೆ ಅರೆ ಒಣಗಿದ ಮರ ಹಾಕುವುದು, ಅರಗಿನ ಬದಲು ಡಬ್ಬದ ಪೇಂಟ್ ಹೊಡೆಯುವುದು, ಬೇರೆಲ್ಲಿಂದಲೋ ಮಾಲು ತರಿಸಿ ಪ್ಯಾಕ್ ಮಾಡುವುದು, ಇವೆಲ್ಲ ಶುರುವಾಗುವುದು ಅಂಥ ಒಂದು 'ಒಳ್ಳೆಯ' ವಾರದಲ್ಲಿ. ಕೆಟ್ಟ ವಿಮರ್ಶೆ ಬಂದಾಗ ಗಿರಾಕಿ ಬರೆಯೋದು ಇಂಥವರ ಅಂಗಡಿ ಅಂತಲ್ಲ. 'ಚನ್ನಪಟ್ಟಣ ಬೊಂಬೆ ಇಷ್ಟೇನಾ?' ಅಂತ. ಒಬ್ಬರು ಮಾಡಿದ್ದಕ್ಕೆ ಬೀದಿಯ ಅಷ್ಟೂ ಅಂಗಡಿ ತಲೆ ತಗ್ಗಿಸಬೇಕು.

ಹಾಗಾದರೆ ವಿಡಿಯೊ ಬಿಡಬೇಕಾ? ಬೇಡ. ಎಷ್ಟು ಸೆಟ್‌ಗೆ ಒಣಗಿದ ಮರ ಇದೆಯೋ ಅಷ್ಟನ್ನೇ ವಿಡಿಯೊದ ಕೆಳಗೆ ಬರೆಯಬಹುದು: 'ಈ ಸಲ 60 ಸೆಟ್ ಮಾತ್ರ, ಮುಂದಿನದು ಇಷ್ಟನೇ ತಿಂಗಳಲ್ಲಿ.' ಪೇರಿಸಿಟ್ಟ ಮರದ ಮುಂದೆ ನಿಂತು 'ಇದು ಒಣಗೋವರೆಗೂ ಕಾಯ್ರಪ್ಪ' ಎಂದು ಹೇಳುವುದು ಕೂಡ ಒಂದು ಒಳ್ಳೆಯ ವಿಡಿಯೊನೇ. ಮಾವಿನ ಹಣ್ಣಿಗೆ ಕಾಯುವ ಜನ ಬೊಂಬೆಗೂ ಕಾಯುತ್ತಾರೆ, ಯಾಕೆ ಕಾಯಬೇಕು ಅಂತ ಗೊತ್ತಾದರೆ.

ವಾರಕ್ಕೆ ಆರು ವಿಡಿಯೊ ಅಂದ್ರೆ ಒಂದೂವರೆ ದಿನದ ಕೂಲಿ

ಈಗ ಸಮಯದ ಮಾತು. ಒಂದು ಸಣ್ಣ ವಿಡಿಯೊಗೆ ಬೆಳಕು ನೋಡಿ ಶೂಟ್ ಮಾಡಿ, ಕತ್ತರಿಸಿ ಜೋಡಿಸಿ, ಕೆಳಗೆ ಬಂದ ಪ್ರಶ್ನೆಗಳಿಗೆ ಉತ್ತರ ಕೊಡೋಕೆ ಎರಡು ಗಂಟೆ ಹಿಡಿಯುತ್ತದೆ ಎಂದುಕೊಳ್ಳಿ. ದಿನಕ್ಕೊಂದರಂತೆ ವಾರಕ್ಕೆ ಆರು ಹಾಕಿದರೆ 12 ಗಂಟೆ. ಎಂಟು ಗಂಟೆಯ ದಿನದ ಲೆಕ್ಕದಲ್ಲಿ ಒಂದೂವರೆ ದಿನದ ಕೆಲಸ ಹೋಯಿತು. ಪೀಸ್ ಲೆಕ್ಕದಲ್ಲಿ ಕೂಲಿ ಪಡೆಯುವವರಿಗೆ ಇದು ಸಣ್ಣ ವಿಷಯ ಅಲ್ಲ. ಅಂಗಡಿ ಮಾಲೀಕರು 'ನೀವೇ ಒಂಚೂರು ವಿಡಿಯೊ ಮಾಡಿ ಕಳಿಸಿ' ಎಂದು ಕೆಲಸಗಾರರಿಗೆ ಹೇಳುವ ಮುಂಚೆ ಆ ಒಂದೂವರೆ ದಿನದ ಕೂಲಿ ಯಾರು ಕೊಡ್ತಾರೆ ಅನ್ನೋದನ್ನೂ ಹೇಳಬೇಕು.

ಯೂಟ್ಯೂಬ್‌ನಿಂದಲೇ ದುಡ್ಡು ಬರುತ್ತಲ್ಲ ಎಂಬ ಆಸೆಯೂ ಕೆಲವರಿಗಿದೆ. ಜಾಹೀರಾತಿನ ಹಣದಲ್ಲಿ ಪಾಲು ಸಿಗಬೇಕಾದರೆ ಚಾನೆಲ್‌ಗೆ 1,000 ಚಂದಾದಾರರು ಬೇಕು. ಜತೆಗೆ 12 ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಿರಬೇಕು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂದರೆ ರಾಜ್ಯದ ಆರು ಜನರಲ್ಲಿ ಒಬ್ಬರಂತೆ ಬುಗುರಿ ತಿರುಗೋದನ್ನ ನೋಡಿದಷ್ಟು! ಆಗುವವರಿಗೆ ಆಗುತ್ತದೆ. ಆದರೆ ಬೊಂಬೆ ಮಾಡುವವರಿಗೆ ಬೇಕಾದ್ದು ಕೋಟಿ ಜನರ ಕಣ್ಣಲ್ಲ, ತಿಂಗಳಿಗೆ ಐವತ್ತು ಜನರ ಆರ್ಡರ್. ವಾರಕ್ಕೆ ಒಂದೇ ವಿಡಿಯೊ, ಅದೂ ಒಂದೇ ದಿನ ಕೂತು ತಿಂಗಳಿಗೆ ಆಗುವಷ್ಟು ಶೂಟ್ ಮಾಡಿಟ್ಟುಕೊಂಡರೆ ಆ ಐವತ್ತು ಜನರನ್ನ ಹಿಡಿದಿಟ್ಟುಕೊಳ್ಳಬಹುದು.

ಇನ್ನೊಂದು ಮಾತು, ಲೇತ್ ಓಡುವಾಗ ಒಂದು ಕೈಯಲ್ಲಿ ಮೊಬೈಲ್ ಬೇಡವೇ ಬೇಡ. ತಿರುಗುವ ಮರ, ಹರಿತವಾದ ಉಳಿ, ಸ್ಕ್ರೀನ್ ಕಡೆ ಕಣ್ಣು, ಇಷ್ಟಿದ್ದರೆ ಬೆರಳಿಗೆ ಕುತ್ತು. ಸ್ಟ್ಯಾಂಡ್ ಇಡಿ, ಇಲ್ಲಾಂದ್ರೆ ಮನೆಯ ಮಕ್ಕಳು ಹಿಡೀಲಿ. ಕ್ಯಾಮೆರಾಗಾಗಿ ಹೊಸ ಸೀರೆಯ ಸೆರಗು, ಉದ್ದ ತೋಳಿನ ಅಂಗಿ ಕೂಡ ಲೇತ್ ಹತ್ತಿರ ಅಪಾಯ.

ಹೊಸ ಡಿಸೈನ್ ಮೊದಲು ಅರ್ಜಿಗೆ, ಆಮೇಲೆ ರೀಲ್ಸ್‌ಗೆ

ಹೊಸ ಬೊಂಬೆ ಕೈಯಿಂದ ಇಳಿದ ಕೂಡಲೇ ಸ್ಟೇಟಸ್‌ಗೆ ಹಾಕುವ ಖುಷಿ ಯಾರಿಗಿಲ್ಲ? ಆದರೆ ಕಾನೂನು ಇಲ್ಲಿ ಕಟ್ಟುನಿಟ್ಟು. 2000ದ ವಿನ್ಯಾಸ ಕಾಯ್ದೆಯ ಪ್ರಕಾರ, ಅರ್ಜಿ ಹಾಕುವ ಮುಂಚೆಯೇ ದೇಶದಲ್ಲಾಗಲಿ ಹೊರಗಾಗಲಿ ಬಹಿರಂಗವಾದ ವಿನ್ಯಾಸವನ್ನು ನೋಂದಾಯಿಸಲು ಬರುವುದಿಲ್ಲ. ಬಹಿರಂಗ ಮಾಡಿದ್ದು ಬೇರೆಯವರೇ ಆಗಿರಬೇಕೆಂದಿಲ್ಲ. ಸ್ವಂತ ಇನ್‌ಸ್ಟಾಗ್ರಾಮ್ ಪುಟದಲ್ಲಿ ತಾನೇ ಹಾಕಿದ ಫೋಟೊ ಕೂಡ 'ಹೊಸದು' ಎನ್ನುವ ಹಕ್ಕನ್ನು ಕಳೆಯಬಹುದು. ಆಮೇಲೆ ಯಾವುದೋ ಊರಿನ ಕಾರ್ಖಾನೆ ಅದೇ ಆಕಾರವನ್ನು ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕಿ ಮಾರಿದರೆ ಹಿಡಿದು ಕೇಳಲು ಕೈಯಲ್ಲಿ ಕಾಗದ ಇರಲ್ಲ.

'ಕಾಪಿರೈಟ್ ಇದೆಯಲ್ಲ' ಎನ್ನುವವರಿಗೂ ಒಂದು ತೊಡಕಿದೆ. ನೋಂದಾಯಿಸಬಹುದಾಗಿದ್ದ ವಿನ್ಯಾಸವನ್ನು ನೋಂದಾಯಿಸದೆ, ಯಂತ್ರೋದ್ಯಮದ ರೀತಿಯಲ್ಲಿ 50ಕ್ಕಿಂತ ಹೆಚ್ಚು ಪ್ರತಿ ಮಾಡಿದರೆ ಅದರ ಮೇಲಿನ ಕಾಪಿರೈಟ್ ಕೂಡ ಮುಗಿಯುತ್ತದೆ. ನೋಂದಣಿಗೆ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ಸಲ್ಲಿಸುವ ಅರ್ಜಿಯ ಸರ್ಕಾರಿ ಶುಲ್ಕ 1,000 ರೂಪಾಯಿ. ರಕ್ಷಣೆ 10 ವರ್ಷ, ಮತ್ತೆ 5 ವರ್ಷಕ್ಕೆ ವಿಸ್ತರಿಸಬಹುದು. ಅಜ್ಜನ ಕಾಲದ ಬುಗುರಿ, ಗಿಲಕಿಗೆ ಇದು ಬೇಕಿಲ್ಲ, ಸಿಗುವುದೂ ಇಲ್ಲ. ವರ್ಷಕ್ಕೆ ಒಂದೋ ಎರಡೋ ನಿಜವಾಗಿಯೂ ಹೊಸದಾದ ಮಾದರಿ ಹುಟ್ಟುತ್ತದಲ್ಲ, ಅದನ್ನು ಮಾತ್ರ ಅರ್ಜಿ ಹೋಗುವವರೆಗೆ ಬಟ್ಟೆ ಮುಚ್ಚಿಡಿ.

ಜಿಐ ಟ್ಯಾಗ್ ಇದೆಯಲ್ಲ ಎಂಬ ಮಾತೂ ಕೇಳಿಬರುತ್ತದೆ. ಚನ್ನಪಟ್ಟಣದ ಆಟಿಕೆ ಮತ್ತು ಬೊಂಬೆಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು 2005-06ರಲ್ಲಿ. ಅದು ಕಾಪಾಡುವುದು ಹೆಸರನ್ನು, ಒಂದೊಂದು ಬೊಂಬೆಯ ಆಕಾರವನ್ನಲ್ಲ. ಬೇರೆ ಊರಿನ ಮಾಲಿಗೆ 'ಚನ್ನಪಟ್ಟಣ' ಎಂದು ಚೀಟಿ ಹಚ್ಚಿ ಮಾರಿದರೆ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಇದು ದೂರದ ಊರಿನ ನಕಲಿಯವರಿಗಷ್ಟೇ ಅಲ್ಲ, ನಮ್ಮೂರಿನಲ್ಲೇ ಕೂತು ಹೊರಗಿನ ಮಾಲನ್ನು ಅದೇ ಹೆಸರಿನಲ್ಲಿ ಆನ್‌ಲೈನ್‌ಗೆ ಹಾಕುವವರಿಗೂ ಅನ್ವಯಿಸುತ್ತದೆ.

ವಿಡಿಯೊ ಓಡಿತು, ಫೋನ್ ಯಾರಿಗೆ ಬಂತು?

ಬೆಂಗಳೂರಿನಿಂದ ಬಂದು ಅರ್ಧ ದಿನ ಶೂಟ್ ಮಾಡಿಕೊಂಡು ಹೋಗುವವರು ಈಗ ಕಡಿಮೆಯಿಲ್ಲ. ವಿಡಿಯೊ ಲಕ್ಷಗಟ್ಟಲೆ ಜನ ನೋಡುತ್ತಾರೆ. ಆದರೆ ಅದರಲ್ಲಿ ಕೆಲಸಗಾರರ ಹೆಸರಾಗಲಿ, ಫೋನ್ ನಂಬರ್ ಆಗಲಿ, ಎಲ್ಲಿ ಸಿಗುತ್ತದೆ ಅನ್ನೋದಾಗಲಿ ಇಲ್ಲದಿದ್ದರೆ ಊರಿಗೆ ಉಳಿದದ್ದು ಅರ್ಧ ದಿನದ ಕೆಲಸ ನಷ್ಟ ಮತ್ತು ಚಹಾ ಖರ್ಚು. ಶೂಟ್‌ಗೆ ಒಪ್ಪುವ ಮುಂಚೆಯೇ ಮೂರು ಮಾತು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಂಡರೆ ಸಾಕು: ಹೆಸರು ಹಾಕ್ತೀವಿ, ಪುಟ ಟ್ಯಾಗ್ ಮಾಡ್ತೀವಿ, ಶೂಟ್ ಮಾಡಿದ್ದರ ಒಂದು ಪ್ರತಿ ಕೊಡ್ತೀವಿ. ಬರೆದು ಕೊಡೋಕೆ ಹಿಂದೆ ಮುಂದೆ ನೋಡುವವರಿಗೆ ನಮಸ್ಕಾರ ಹೇಳಿ ಕಳಿಸಬಹುದು. ಹಾಗೆಯೇ ಅಂಗಡಿಯವರು ಬೊಂಬೆ ಉಚಿತವಾಗಿ ಕೊಟ್ಟು ಯಾರಿಂದಲಾದರೂ ವಿಡಿಯೊ ಮಾಡಿಸಿದರೆ ಅದೂ ಜಾಹೀರಾತೇ; ಹಾಗೆಂದು ವಿಡಿಯೊದಲ್ಲಿ ತಿಳಿಸಬೇಕು ಎಂಬುದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯ ಸೂಚನೆ.

ಹೊರಗಿನವರ ಜತೆ ಹೀಗೆ ಮುಗಿಸಬಹುದು. ಊರೊಳಗಿನ ವಿಷಯ ಅಷ್ಟು ಸುಲಭ ಇಲ್ಲ. ಮರಕ್ಕೆ, ಅರಗಿಗೆ ಮುಂಗಡ ಕೊಟ್ಟವರು ಅಂಗಡಿಯವರು. ಉಳಿ ಹಿಡಿದವರು ಕೆಲಸಗಾರರು. ವಿಡಿಯೊದಲ್ಲಿ ಕಾಣೋದು ಕೆಲಸಗಾರರ ಕೈ, ಕೆಳಗಿರೋದು ಅಂಗಡಿಯ ನಂಬರ್. ಕೆಲಸಗಾರರು ತಮ್ಮದೇ ಪುಟ ತೆರೆದು ನೇರವಾಗಿ ಮಾರಲು ಶುರು ಮಾಡಿದರೆ ಅಂಗಡಿಯವರಿಗೆ ಹೊಟ್ಟೆಯಲ್ಲಿ ಕಿಚ್ಚು; ಅಂಗಡಿಯವರು ಕೆಲಸಗಾರರ ಮುಖ ತೋರಿಸಿ ದರ ಏರಿಸಿ ಮಾರಿದರೆ ಕೆಲಸಗಾರರಿಗೆ ಸಂಕಟ. ಇಬ್ಬರದ್ದೂ ನ್ಯಾಯವೇ. ಅಂಗಡಿಯ ಆರ್ಡರಿನ ಮಾದರಿಗಳು ಅಂಗಡಿಯ ಪುಟದಲ್ಲಿ, ಕೆಲಸಗಾರರ ಸ್ವಂತ ಮಾದರಿಗಳು ಅವರ ಪುಟದಲ್ಲಿ ಎಂದು ಹಂಚಿಕೊಳ್ಳುವುದು ಒಂದು ದಾರಿ. ವಿಡಿಯೊದಿಂದ ಬಂದ ಆರ್ಡರ್‌ಗೆ ಪೀಸ್ ದರದ ಮೇಲೆ ಇಷ್ಟು ಹೆಚ್ಚು ಎಂದು ಮೊದಲೇ ಮಾತಾಡಿಕೊಳ್ಳುವುದು ಇನ್ನೊಂದು. ಏನೂ ಮಾತಾಡದೆ ಬಿಟ್ಟರೆ ಮುಂದಿನ ದಸರಾ ಹೊತ್ತಿಗೆ ಕೆಲಸಗಾರರು ಬೇರೆ ಅಂಗಡಿಯಲ್ಲಿರುತ್ತಾರೆ, ಇಲ್ಲವೇ ಬೇರೆ ಕಸುಬಿನಲ್ಲಿ.

ಪುಟದ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅನ್ನೋದನ್ನೂ ನೋಡಿಕೊಳ್ಳಬೇಕು. ಅಕ್ಕಪಕ್ಕದ ಹುಡುಗನೊಬ್ಬ ತನ್ನ ನಂಬರಿನಲ್ಲಿ ಖಾತೆ ತೆರೆದುಕೊಟ್ಟು, ಆಮೇಲೆ ಕೆಲಸಕ್ಕೆಂದು ಬೇರೆ ಊರಿಗೆ ಹೋದರೆ ಖಾತೆಯೂ ಅವನ ಜತೆ ಹೋಗುತ್ತದೆ. ಖಾತೆ ನಮ್ಮದೇ ಆದರೂ ಜಾಗ ಬೇರೆಯವರದು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಅದರಲ್ಲಿ ಹೆಸರು ಮಾಡಿದವರೆಲ್ಲ ರಾತ್ರೋರಾತ್ರಿ ನೋಡುಗರನ್ನು ಕಳೆದುಕೊಂಡರು. ಗಿರಾಕಿಗಳ ಹೆಸರು, ಫೋನ್ ನಂಬರ್, ಏನು ಕೊಂಡರು ಎಂಬುದನ್ನು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಹಳೇ ಪದ್ಧತಿಯಾದರೂ ಯಾವ ಕಂಪನಿಯೂ ಅದನ್ನು ಮುಚ್ಚಲಾರದು.

ಕಾಗದ ಪತ್ರ

ಆನ್‌ಲೈನ್ ಕಂಪನಿಗಳಲ್ಲಿ ಆಟಿಕೆ ಮಾರಲು ಹೋದರೆ ಮೊದಲು ಎದುರಾಗುವುದು ಬಿಐಎಸ್ ಗುರುತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಇದು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ಆಟಿಕೆಗೆ, ಹಾಗೂ ಜಿಐ ಪಡೆದ ಉತ್ಪನ್ನವನ್ನು ಅದರ ಅಧಿಕೃತ ಬಳಕೆದಾರರು ಮಾಡಿ ಮಾರಿದರೆ ವಿನಾಯಿತಿ ಇದೆ. ವಿನಾಯಿತಿ ಕಾಗದ ಇದ್ದವರಿಗೆ ಮಾತ್ರ. ಮೂವತ್ತು ವರ್ಷದಿಂದ ಲೇತ್ ಮುಂದೆ ಕೂತಿದ್ದರೂ ಕುಶಲಕರ್ಮಿಯ 'ಪೆಹಚಾನ್' ಗುರುತಿನ ಚೀಟಿ ಇಲ್ಲದಿದ್ದರೆ, ಜಿಐ ಅಧಿಕೃತ ಬಳಕೆದಾರರ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅದನ್ನು ಕೇಳಲು ಬರುವುದಿಲ್ಲ. ಅಂಗಡಿಯಲ್ಲಿ ಮರದ ಬೊಂಬೆಯ ಪಕ್ಕದಲ್ಲೇ ಇಟ್ಟ ಪ್ಲಾಸ್ಟಿಕ್ ಕಾರಿಗಂತೂ ಈ ವಿನಾಯಿತಿ ಇಲ್ಲವೇ ಇಲ್ಲ.

ಜಿಎಸ್‌ಟಿ ಬಗ್ಗೆಯೂ ಗೊಂದಲ ಹೆಚ್ಚು. ಸರಕು ಮಾರುವವರಿಗೆ ರಾಜ್ಯದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. 2023ರ ಅಕ್ಟೋಬರ್ 1ರಿಂದ, ಈ ಮಿತಿಯೊಳಗಿರುವವರು ಆನ್‌ಲೈನ್ ಕಂಪನಿಗಳ ಮೂಲಕ ರಾಜ್ಯದೊಳಗೆ ಮಾತ್ರ ಮಾರುವುದಾದರೆ ಕೆಲವು ಷರತ್ತುಗಳೊಂದಿಗೆ ನೋಂದಣಿಯಿಲ್ಲದೆ ಮಾರಬಹುದು. ಅದೇ ಕಂಪನಿಯ ಮೂಲಕ ಚೆನ್ನೈಗೋ ಪುಣೆಗೋ ಕಳಿಸುವುದಾದರೆ ನೋಂದಣಿ ಬೇಕು. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು ಅಂಗಡಿ ಬೀದಿಯವರು ಯಾರೂ ಮರೆತಿಲ್ಲ. ಆರ್ಡರ್ ಹೆಚ್ಚಾಗುವ ಮುಂಚೆಯೇ ಒಮ್ಮೆ ತೆರಿಗೆ ಸಲಹೆಗಾರರ ಹತ್ತಿರ ಕೂತು ಬಂದರೆ ನಿದ್ದೆ ಚೆನ್ನಾಗಿ ಬರುತ್ತದೆ. ಮನೆ ಖರ್ಚಿಗೂ ವ್ಯಾಪಾರಕ್ಕೂ ಒಂದೇ ಕ್ಯೂಆರ್ ಕೋಡ್ ಬೇಡ. 'ದುಡ್ಡು ಕಳಿಸ್ತೀವಿ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ' ಎಂದು ಫೋನ್ ಬಂದರೆ ಅದು ಮೋಸ. ಹಣ ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ.

ವಿಡಿಯೊದಲ್ಲಿ ಹೇಳುವ ಮಾತಿಗೂ ಕಾಗದದಷ್ಟೇ ತೂಕ ಇದೆ. ಅರಿಶಿನ, ನೀಲಿಯಂಥ ಗಿಡಮೂಲದ ಬಣ್ಣ ಬಳಸಿದ್ದರೆ ಹಾಗೆಂದು ಧೈರ್ಯವಾಗಿ ಹೇಳಬಹುದು, ಹೇಳಲೇಬೇಕು. ಪುಟ್ಟ ಮಕ್ಕಳು ಬಾಯಿಗೆ ಹಾಕುವ ಗಿಲಕಿಗೆ ಮಾತ್ರ ಗಿಡಮೂಲದ ಬಣ್ಣ, ಷೋಕೇಸ್ ಬೊಂಬೆಗೆ ಅಂಗಡಿಯ ಬಣ್ಣ ಎಂದಿದ್ದರೆ 'ನಮ್ಮಲ್ಲಿ ಎಲ್ಲಾ ನೂರಕ್ಕೆ ನೂರು ನೈಸರ್ಗಿಕ' ಎಂದು ಬರೆಯುವುದು ಸುಳ್ಳು. ಅದನ್ನು ನಂಬಿ ಮಗುವಿನ ಕೈಗೆ ಕೊಡುವವರು ಇರುತ್ತಾರೆ.

ದಸರಾಕ್ಕೆ ಈಗಿನಿಂದಲೇ

2020ರ ಆಗಸ್ಟ್ 30ರ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಚನ್ನಪಟ್ಟಣದ ಹೆಸರು ಹೇಳಿದರು. ಮುಂದಿನ ವರ್ಷದ ಆಟಿಕೆ ಮೇಳ ಆನ್‌ಲೈನ್‌ನಲ್ಲೇ ನಡೆಯಿತು. ಆಮದು ಆಟಿಕೆಯ ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಇವೆಲ್ಲ ಬಾಗಿಲು ತೆರೆದವು, ನಿಜ. ಆದರೆ ಊರಿನ ವ್ಯಾಪಾರದ ಕ್ಯಾಲೆಂಡರ್ ಈಗಲೂ ನಿಂತಿರುವುದು ನವರಾತ್ರಿಯ ಗೊಂಬೆ ಕೂರಿಸುವ ಹಬ್ಬದ ಸುತ್ತ.

ಸೆಪ್ಟೆಂಬರ್-ಅಕ್ಟೋಬರ್‌ಗೆ ಬೊಂಬೆ ಗಿರಾಕಿಯ ಮನೆ ಸೇರಬೇಕಾದರೆ ಆಗಸ್ಟ್‌ನಲ್ಲಿ ಲೇತ್ ಓಡಬೇಕು. ಆಗಸ್ಟ್‌ನಲ್ಲಿ ಲೇತ್ ಓಡಬೇಕಾದರೆ ಏಪ್ರಿಲ್-ಮೇ ಬಿಸಿಲಿಗೇ ಮರ ಪೇರಿಸಿರಬೇಕು. ವಿಡಿಯೊ ಶೂಟ್ ಮಾಡೋಕೂ ಅದೇ ಬೇಸಿಗೆ ಒಳ್ಳೆಯದು: ಬೆಳಕು ಚೆನ್ನಾಗಿರುತ್ತದೆ, ಶಾಲೆಗೆ ರಜೆ ಇರೋದರಿಂದ ಕ್ಯಾಮೆರಾ ಹಿಡಿಯೋಕೆ ಮಕ್ಕಳೂ ಮನೆಯಲ್ಲಿರುತ್ತಾರೆ. ಹಾಗೆ ಮಾಡಿಟ್ಟುಕೊಂಡದ್ದನ್ನು ಜುಲೈನಿಂದ ವಾರಕ್ಕೊಂದು ಬಿಡುತ್ತಾ ಹೋದರೆ, ಆರ್ಡರ್ ಬರುವ ಹೊತ್ತಿಗೆ ಮರವೂ ತಯಾರು. ಬೇಸಿಗೆಯಲ್ಲಿ ಮರ ಹಾಕಿಕೊಳ್ಳದವರು ಆಗಸ್ಟ್‌ನ ವಿಡಿಯೊದಲ್ಲಿ ದಸರಾ ಆರ್ಡರ್ ತೆಗೆದುಕೊಳ್ಳದೆ, ಈಗ ಪೇರಿಸಿದ ಮರಕ್ಕೆ ಡಿಸೆಂಬರ್‌ನ ಕ್ರಿಸ್‌ಮಸ್ ಗಿರಾಕಿಯನ್ನು ನೋಡಿಕೊಳ್ಳಬಹುದು.